ಎರಡು ಬೆರಳು

ಉಸ್ತೆಯ ದಂಡಿ ಮ್ಯಾಲೆ, ತಾಡಪತ್ರಿ ಕೆಳಗ
ನನ್ನ ಕೆಲಸ ಇಷ್ಟ: ಜಾಕೀಟಿನ ಪಟ್ಟಿ ಜಗ್ಗೂದು.
ಪಟ್ಟಿಗೂ ಎದಿಗೂ ನಡುವ ಎರಡು ಬೆರಳು ಹೋಗಬೇಕು,
ಮೂರು ಹೋಗಬಾರದು.
ಆಮ್ಯಾಲೆ ಎರಡೂ ಹೆಗಲ ಹಿಡದು ಮ್ಯಾಲೆ ಎತ್ತತೀನಿ,
ಕೂಸಿಗೆ ಅಂಗಿ ತೊಡಿಸಿ ಜಗ್ಗಿ ನೋಡಿದಂಗ.
ಜಾಕೀಟು ಕಿವಿತನಕ ಬಂತಂದ್ರ
ಮತ್ತ ಬಿಚ್ಚು, ಮತ್ತ ಬಿಗಿ.
ಊರಾಗ ನಾ ಬಾಳವ್ವ. ಇಲ್ಲಿ ಬಾಳಾಬಾಯಿ.
ಈಸು ಬರೂದಿಲ್ಲ ನನಗ. ಯಾರೂ ಕೇಳಿಲ್ಲ.

ಪುಂಡಲೀಕ ಗಾವಸ ಕಲ್ಲ ಮ್ಯಾಲೆ ನಿಂತು ಹೇಳತಾನ,
ಅರ್ಧ ಕೊಂಕಣಿ, ಅರ್ಧ ಹಿಂದಿ.
ಏಳು ಮಳಿಗಾಲ ಕೇಳಿ ಕೇಳಿ
ನನಗದು ಕನ್ನಡದಾಗ ಕೇಳಸತೈತಿ:
ಬಿದ್ದರ ನಿಂದ್ರಬ್ಯಾಡ್ರಿ.
ಮೊಣಕಾಲಮಟ ನೀರು ಅಂತ ನಿಂದ್ರಬ್ಯಾಡ್ರಿ.
ಎರಡು ಕಲ್ಲಿನ ಸಂದಿ ಪಾದ ಹಿಡೀತಂದ್ರ
ಹಿಂದಿನ ನೀರು ಬೆನ್ನು ಬಾಗಸತೈತಿ,
ಮೊಣಕಾಲಮಟ ನೀರಾಗ ಮುಖ ಮುಳಗತೈತಿ.
ಅಂಗಾತ ಮಲಗ್ರಿ, ಕಾಲ ಹೆಬ್ಬಟ್ಟು ಮುಗಿಲಿಗೆ,
ಎದುರಿನ ಕಲ್ಲಿಗೆ ಕಾಲು ಮುಟ್ಟಲಿ, ತಲಿ ಅಲ್ಲ.
ಹಗ್ಗ ಒಗದರ ಹಿಡೀರಿ,
ಕೈಗೆ ಸುತ್ತಿಕೊಬ್ಯಾಡ್ರಿ.

ಬೆಳ್ಳನ ನೊರಿ ಎದ್ದಲ್ಲಿ ಮಂದಿ ಚೀರತಾರ.
ಅಂವ ಅಲ್ಲಿ ನಗತಾನ.
ಅಂವ ಸುಮ್ಮನಾಗೂದು ಮುಂದಿನ ತಿರುವಿನಾಗ,
ಹ್ವಾದ ವರ್ಷ ಮತ್ತಿ ಮರ ಅಡ್ಡ ಬಿದ್ದಲ್ಲಿ.
ಅಲ್ಲಿ ಸದ್ದಿಲ್ಲ.
ಟೊಂಗಿ ನಡುವ ನೀರು ಹಾದು ಹೋಗತೈತಿ
ಚಾ ಸೋಸಿದಂಗ.
ಚಾಪುಡಿ ಉಳೀತೈತಿ.
ಇನ್ನೂ ಕೆಳಗ ಬಂಧಾರದ ಬುಡಕ
ಒಂದು ತೆಂಗಿನಕಾಯಿ ನಾಕು ದಿನದಿಂದ
ಅಲ್ಲೇ ಮುಳಗತೈತಿ, ಅಲ್ಲೇ ಏಳತೈತಿ.
ದಿನಾ ಹೋಗಿ ನೋಡಿ ಬರತೀನಿ.

ಆಯಿತವಾರ ಪುಣೆಯಿಂದ ಎಂಟು ಮಂದಿ.
ಪಟ್ಟಿ ಬಿಗದು ಮುಗಿದಿತ್ತು.
ಇಲ್ಲಿ ಬಿಸಲ. ನೀರಿಗೆ ಮಾತ್ರ ಮಣ್ಣಿನ ವಾಸನಿ,
ತೇಲಿ ಬಂದ ಎಲಿ ಎಲ್ಲಾ ಹಸರ,
ಈಗಷ್ಟ ಹರದಂಥವು.
ಈ ನೀರು ಯಾರದಂತ ಪೇಪರಿನ್ಯಾಗ ಜಗಳ.
ನೀನೂ ಆ ಕಡೆಯಾಕಿ ಅಂತ
ವಾಳಪೈ ಪ್ಯಾಟ್ಯಾಗ ಅಂಗಡಿಯಾಂವ ಕೆಣಕತಾನ.
ಪುಂಡಲೀಕ ಕೇಳೂದು ಬ್ಯಾರೆ:
ಬಾಳಾಬಾಯಿ, ನಿಮ್ಮ ಅಕ್ಕಗ ಫೋನ್ ಹಚ್ಚು,
ಖಾನಾಪುರದ ಕಾಡಿನ್ಯಾಗ ಎಷ್ಟೊತ್ತಿನಿಂದ ಬಡೀತೈತಿ?
ನಸುಕಿನಿಂದ, ಅಂದಳು ಅಕ್ಕ.
ದನಾ ಹೊರಗ ಬಿಟ್ಟಿಲ್ಲ.

ಇವತ್ತ ಇಲ್ಲ, ಅಂದ ಪುಂಡಲೀಕ.

ಲೇಲೆ ಅಂತ ಒಬ್ಬ, ಗುಂಪಿನ್ಯಾಗ ದೊಡ್ಡ ಆಳು:
ರೊಕ್ಕ ಕೊಟ್ಟೀವಿ. ರಾತ್ರಿ ಪೂರಾ ಗಾಡಿ ಹೊಡದು ಬಂದೀವಿ.
ಮೂರು ಸಲ ಗಂಗಾದಾಗ ಇಳದಾಂವ ನಾನು.
ಹೆದರಿದಿ ಏನು?
ಹೌದು, ಅಂದ ಪುಂಡಲೀಕ, ಹಗ್ಗ ಸುತ್ತಕೋತ.

ಏಳು ಮಂದಿ ಜಾಕೀಟು ಬಿಚ್ಚಿ ಕೊಟ್ಟರು.
ಲೇಲೆ ಬಿಚ್ಚಲಿಲ್ಲ. ಹೆಲ್ಮೆಟ್ ಸೈತ ತೆಗಿಲಿಲ್ಲ,
ಸಿಟ್ಟಿಲೆ ಕುಂತ ಬಟಾಟೆ ವಡಾ ತಿನಕೋತ,
ಮದಿವಿ ನಿಂತ ಮನಿಯ ಮದುಮಗನಂಗ.
ನನಗ ನಗು. ಸೆರಗಿನ್ಯಾಗ ಮುಚ್ಚಿಕೊಂಡೆ.

ಹೊಳಿ ನಡುವ ಸುಣ್ಣ ಬಳಿದ ಒಂದು ಕಲ್ಲೈತಿ,
ಪುಂಡಲೀಕನ ಗುರುತು.
ಮೊದಲನೇ ವಡಾ ಕೊಟ್ಟಾಗ ಅದು ಗೇಣು ಕಾಣತಿತ್ತು.
ಎರಡನೇದು ತಿಂದು ಕೈ ಒರಸೂದರಾಗ
ಕಲ್ಲು ಇದ್ದಲ್ಲಿ ಬರೇ ಒಂದು ಸುಕ್ಕು.
ಆಮ್ಯಾಲೆ ಅದೂ ಇಲ್ಲ.

ಯಾರೂ ಏನೂ ಅನಲಿಲ್ಲ.
ಒಂದು ಇಡೀ ಬಿದಿರ ಮೆಳಿ ಬೇರು ಸಮೇತ
ತಿರಗಕೋತ ಹಾದು ಹೋತು.
ಲೇಲೆ ನೋಡಿದ. ಆಮ್ಯಾಲೆ, ದಂಡಿ ಮ್ಯಾಲೆ ಕುಂತಲ್ಲೇ,
ತಾನಾಗಿ ಪಟ್ಟಿ ಕೆಳಗ
ಎರಡು ಬೆರಳು ತೂರಿಸಿ ನೋಡಿಕೊಂಡ.