ಹದಿನಾಲ್ಕನೇ ಪುಟಕ್ಕ ಹೋಗ್ರಿ

ಮೊದಲನೇದ್ದು ಬರೆದದ್ದು ನೆಲದ ಮ್ಯಾಲ.
ಶಹಾಬಾದದ ನಮ್ಮ ಪಡಸಾಲ್ಯಾಗ ಮೂವತ್ತಾರು ಪರ್ಸಿ,
ಪರ್ಸಿಗೊಂದು ಮಾತು, ಬಳಪದಾಗ.
ಬಾಗಿಲ ಹತ್ರದ್ದು:
‘ಬಾವ್ಯಾಗಿಂದ ಒಬ್ಬಾಕಿ ಕಂದೀಲ ಹಿಡಕೊಂಡು ಬಂದಳು.
ಆಕಿ ಹಿಂದ ಹೋಗಾಕಿದ್ದರ ಕಿಟಕಿ ಕಡಿ ಜಿಗಿ,
ಅವ್ವಗ ಹೇಳಾಕಿದ್ದರ ಬೀಸುಕಲ್ಲಿನ ಕಡಿ.’

ಜೈಬುನ್ ಮೊದಲು ಓದಿದಾಕಿ.
ಲಂಗ ಎತ್ತಿ ಕಟ್ಟಿ, ಒಂಟಿಗಾಲಾಗ,
ಎರಡು ಪರ್ಸಿಯ ಸಂದ್ಯಾಗ ಹೆಬ್ಬೆರಳು ಊರಿ ನಿಂತಳು.
‘ಜಿಗಿ,’ ಅಂದೆ.
‘ಒಲ್ಲೆ. ನಾ ಇಲ್ಲೇ ನಿಂದರ್ತೀನಿ.’
‘ಅಲ್ಲಿ ಏನೂ ಬರೆದಿಲ್ಲ.’
‘ಅದಕ್ಕೇ.’

ಸಂಜಿಗೆ ಅವ್ವ ಒರೆಸಿದಳು.
ಕಥಿ ಬಕೀಟಿನ್ಯಾಗ ಬೆಳ್ಳಗ ತಿರುಗಿ
ಕರಿಬೇವಿನ ಬುಡಕ್ಕ ಹೋಯ್ತು.

ಎರಡನೇದ್ದು ನೋಟಬುಕ್ಕು, ಇನ್ನೂರು ಪುಟದ್ದು.
‘ಕಳ್ಳನ್ನ ನಂಬಿದರ ಹದಿನಾಲ್ಕನೇ ಪುಟಕ್ಕ ಹೋಗ್ರಿ,
ನಂಬದಿದ್ದರ ಮೂವತ್ತೊಂದಕ್ಕ.’
ಹದಿನಾಲ್ಕು ಅಣವೀರ ಹರಿದು
ಶೇಂಗಾದ ಪುಡಿಕಿ ಕಟ್ಟಿದ್ದ,
ಹದಿಮೂರೂ ಅದರ ಬೆನ್ನಿಗೇ ಹೋಯ್ತು.
ನಂಬಿದವರೆಲ್ಲ ಅಲ್ಲಿಂದಲೇ ಉದುರಿದರು.
ಕನ್ನಡ ಮಾಸ್ತರು, ಪಾಪ, ನಂಬಿ,
ಹನ್ನೆರಡು ನೋಡಿ, ಹದಿನೈದು ನೋಡಿ,
ಚಷ್ಮಾ ತೆಗೆದು ಅಂದರು:
‘ಕಥಿಗೆ ಒಂದು ದಾರಿ ಸಾಕವ್ವ,
ಅದನ್ನೇ ನೆಟ್ಟಗ ನಡಿ.’
ಹೂಂ ಅಂದೆ.
ನೆಟ್ಟಗ ನಡದ ನಾಕು ಕಥಿ ಬರೆದೆ.
ನಾಕೂ ಸತ್ತು ಹುಟ್ಟಿದವು.

ಕಲಬುರಗ್ಯಾಗ ಡಿ.ಎಡ್. ಓದುವಾಗ
ವಾರಕ್ಕ ಎರಡು ಬಸ್ ಟಿಕೀಟು,
ಹಿಂದ ಒಂದೊಂದು ಸಾಲು,
ಸೂಜಿಲೆ ಪೋಣಿಸಿ ಮೊಳಿಗೆ ತೂಗಹಾಕಿದ್ದೆ.
ಒಂದಿನ ದಾರ ಹರೀತು.
ಭಾಲ್ಕಿಯ ಸುಗಲಾ ಎಲ್ಲ ಆರಿಸಿ
ತನಗ ತಿಳಿದಂಗ ಪೋಣಿಸಿದಳು:
ಕೊಲಿ ಮೊದಲು, ಮದುವಿ ನಡುವ, ಹುಟ್ಟು ಕಡೀಕ.
ಛಲೋ ಇತ್ತು. ನನ್ನದಕಿಂತ ಛಲೋ.
ಆ ರಾತ್ರಿ ಹೊಟ್ಟಿಕಿಚ್ಚಿಗೆ ಉಣಲಿಲ್ಲ.

ಆಮ್ಯಾಲ ಸೂಪರ್ ಮಾರ್ಕೆಟಿನ ಕಂಪ್ಯೂಟರ್ ಅಂಗಡಿ,
ತಾಸಿಗೆ ಇಪ್ಪತ್ತು ರೂಪಾಯಿ, ಎಂಟು ತಿಂಗಳು.
ಅಂಗಡಿ ಮುಚ್ಚಿತು. ಸೀಡಿ ಬ್ಯಾರೆ ಕಡಿ ಹಾಕಿದರ
ಅಕ್ಷರ ಎಲ್ಲ ಹುಳ ಹುಳ, ಪ್ರಶ್ನೆ ಚಿಹ್ನಿ, ಡಾಲರ್ ಗುರುತು.
ಕಂದೀಲ ಹಿಡಿದಾಕಿ ಅದರಾಗೇ ಎಲ್ಲೋ
ಉಳಿದಾಳ, ಡಾಲರಿನ ಹಿಂದ.

ಈಗ ನಲವತ್ತೊಂದು ನನಗ.
ಹುಡುಗರ ಪೇಪರ್ ತಿದ್ದಿ, ಮಲಗೂ ಮುಂದ,
ಲ್ಯಾಪ್‌ಟಾಪಿನಾಗ ಡಬ್ಬಿ ಡಬ್ಬಿ, ಗೆರಿ ಗೆರಿ.
ಮುನ್ನೂರ ನಲವತ್ತು ಆಗ್ಯಾವ, ಮುಗದಿಲ್ಲ.
ನೀರು ತುಂಬಿದ ಹಳಿ ಖಣಿಯೊಳಗ ಒಬ್ಬಾಕಿ ಇಳೀತಾಳ.
ಊರಿನ ನೆಲ ಎಲ್ಲ ಎಬ್ಬಿಸಿ ತಂದದ್ದು
ಆ ತಗ್ಗಿನಿಂದಲೇ, ಅಂದಮ್ಯಾಲ
ಪದರಿನಿಂದ ಪದರಿಗೆ ಆಕಿ
ಯಾರ ಮನಿ ಪಡಸಾಲ್ಯಾಗಾದರೂ ಕೆಳಗಿಂದ ಏಳಬಹುದು.
ಪೊಲೀಸ್ ಠಾಣೆದಾಗ. ಹೆರಿಗಿ ಕೋಣ್ಯಾಗ.
ದರ್ಗಾದ ಮೂರನೇ ಮೆಟ್ಟಿಲಿನಾಗ.
ದೊಡ್ಡದಾತು, ಗೊತ್ತದ.
ಮೈಗೆ ಮೀರಿದ ಅಂಗಿ ಹೊಲೀಲಕತ್ತೀನಿ.

ಹೊಸಾದು ಭಾಳ ಇಲ್ಲ ಇದರಾಗ.
ಕಂದೀಲು ನೆಲದ ಮ್ಯಾಲಿಂದು.
ಕಳ್ಳ ನೋಟಬುಕ್ಕಿನಾಗಿನವ, ಈಗ ಕೂದಲು ಬೆಳ್ಳಗಾಗ್ಯಾವ.
ಸುಗಲಾಳ ಜೋಡಣಿ ಹಂಗೇ ಕದ್ದೀನಿ, ಹುಟ್ಟು ಕಡೀಕ.
ಸತ್ತ ನಾಕು ಕಥಿ ಸುದ್ದಾ ಖಣಿ ದಂಡೀಗೆ ಕುಂತಾವ,
ಕೇಳಿದವರಿಗೆ ಒಂದೇ ದಾರಿ ಹೇಳ್ತಾವ, ಅದೂ ತಪ್ಪು.
ಹದಿನಾಲ್ಕನೇ ಡಬ್ಬಿ ಖಾಲಿ ಇಟ್ಟೀನಿ, ಬೇಕಂತಲೇ:
ಹರಿದ ಅಂಚು, ಶೇಂಗಾದ ವಾಸನಿ.

ನಿನ್ನಿ ರಾತ್ರಿ ಜೈಬುನ್‌ಗ ಫೋನ್ ಹಚ್ಚಿದೆ.
ವಾಡ್ಯಾಗ ಅದಾಳ, ರೈಲ್ವೆ ಕ್ವಾರ್ಟರ್ಸು, ಮೊಣಕಾಲು ನೋವು.
ಮೊದಲ ಡಬ್ಬಿ ಓದಿ ಹೇಳಿದೆ.
‘ಆಕಿ ಹಿಂದ ಹೋಗ್ತಿಯೋ? ಕೂಗಿ ಮಂದೀನ ಕರೀತಿಯೋ?’
ಆ ಕಡಿ ಕುಕ್ಕರ್ ಒಂದು ಸೀಟಿ. ಎರಡು.
‘ಆಕಿ ಕೈಯಾಗಿನ ಕಂದೀಲ ಭಾರ ಅದ ಏನು?’ ಅಂದಳು.

ಅದಕ್ಕ ಗೆರಿ ಇಲ್ಲ,
ಮುನ್ನೂರ ನಲವತ್ತರಾಗ ಎಲ್ಲೂ.
ಫೋನ್ ಕಿವೀಗೇ ಇಟ್ಟುಕೊಂಡು
ಎರಡು ಡಬ್ಬಿಯ ಸಂದ್ಯಾಗ
ಹೊಸಾದೊಂದು ಒತ್ತಿದೆ. ಸಣ್ಣದು,
ಒಂದು ಹೆಬ್ಬೆರಳು ಹಿಡಿಯೂವಷ್ಟು.
‘ತಡಿ,’ ಅಂದೆ, ‘ಅಲ್ಲೇ ನಿಂದ್ರು.
ಬರೀಲಕತ್ತೀನಿ.’