ಗುರುತಿನ ಚಿತ್ರ

ದಾವಣಗೆರೆ ಮಂಡಿಪೇಟೆ, ನನ್ನ ಸ್ಟುಡಿಯೋ.
ಬಚ್ಚಲ ಒದ್ದೆ ಗೋಣಿ ಎತ್ತಿದರೆ
ನುಚ್ಚಕ್ಕಿಯಷ್ಟು ಬೂದು ಜೀವ,
ಹದಿನಾಲ್ಕು ಕಾಲು.

‘ಗದ್ದ ಸ್ವಲ್ಪ ಮೇಲೆ’ ಅಂದೆ, ರೂಢಿ.
ಓಡಿತು.

ಅಳತೆಗೆ ಪಕ್ಕದಲ್ಲೊಂದು ರೂಪಾಯಿ ಇಟ್ಟು
ಮೂವತ್ತೊಂದು ಸಲ ತೆಗೆದು
ತಂಗಿಯ ಮಗಳು ಶಿವಲೀಲಾಗೆ ಕಳಿಸಿದೆ,
ಹುಳುಗಳನ್ನೇ ಓದುತ್ತಿದ್ದಾಳೆ.

‘ಮೀಸೆ ತುದಿಯ ಗೆಣ್ಣು ಎರಡೋ ಮೂರೋ,
ಕಾಣ್ತಿಲ್ಲ ಮಾವ. ಬಾಲವೂ ಮಸುಕು.
ಯಾವ ಮನೆತನ ಅಂತ ಹೇಳಬಹುದು,
ಹೆಸರು ಮಾತ್ರ
ಫೋಟೋದಲ್ಲಿ ಆಗಲ್ಲ.’

ನಲವತ್ತು ವರ್ಷ
ಇವರೇ ಅವರು ಎಂದು
ಒಂದೂವರೆ ಇಂಚಿನಲ್ಲಿ
ಸಾಕ್ಷಿ ಹೇಳಿದವನು ನಾನು.

ಗೋಣಿ ಮೆಲ್ಲಗೆ ಇಳಿಸಿ
ಡ್ರಾಯರು ಎಳೆದೆ.
ಯಾರೂ ಬಂದು ಒಯ್ಯದ ಮುಖಗಳು,
ಎರಡೂ ಕಿವಿ ಸ್ಪಷ್ಟ.
ಒಂದಕ್ಕೂ ಹೆಸರು ಹೊಳೆಯಲಿಲ್ಲ.