ಕವಲಿನ ಹೂಳು

ಕತ್ತು ಸ್ವಲ್ಪ ಎಡಕ್ಕೆ ಹೊರಳಿಸಿ, ಸೀತ್ಸೆ ಅವರೆ.
ಅಂಟು ತಣ್ಣಗಿರುತ್ತದೆ, ಒಂದೇ ಗಳಿಗೆ.

ಡೊರ್ಡ್ರೆಖ್ಟ್ ಆಸ್ಪತ್ರೆಯ ಈ ಕೋಣೆಗೆ ಕಿಟಕಿಯಿಲ್ಲ.
ಆಚೆ ಎಲ್ಲೋ ಮೆರ್ವೆಡೆ ನದಿ ಒಡೆದು ಎರಡಾಗುವುದು
ಇಲ್ಲಿಗೆ ಕೇಳಿಸುವುದಿಲ್ಲ.
ಕೇಳುವುದು ಇವರ ಕೊರಳು ಮಾತ್ರ:
ಹುಸ್, ಹುಸ್, ಹುಸ್.

ಪರದೆಯ ಮೇಲೆ ಕೆಂಪು.
ಧಮನಿ ನೆಟ್ಟಗೆ ಬರುವಷ್ಟು ದೂರ ತಕರಾರಿಲ್ಲ.
ನನ್ನ ಯಂತ್ರಕ್ಕೆ ಕಾಣದು, ಆದರೂ ಬಲ್ಲೆ,
ಒಳಗೋಡೆಯ ಕಣಗಳು ಹರಿವಿನಗುಂಟ ಮೈಚಾಚಿ
ಬಾಚಿದ ಕೂದಲಿನಂತೆ ಮಲಗಿರುತ್ತವೆ.

ದವಡೆಯ ಕೆಳಗೆ ಕವಲು.
ಕೆಂಪಿನ ಮಗ್ಗುಲಲ್ಲಿ ಒಂದು ನೀಲಿ ಚೂರು,
ಹಿಂದಕ್ಕೆ ಹೊರಳುವ ರಕ್ತ,
ಹೊರಟೆ ಹೊರಟೆ ಅನ್ನುತ್ತ
ಹೊಸ್ತಿಲಲ್ಲೇ ನಿಂತ ನೆಂಟ.

ನಲವತ್ತೊಂದು ವರ್ಷ ಹೂಳೆತ್ತುವ ಹಡಗಿನಲ್ಲಿದ್ದವರು.
ಬೇಡವೆಂದರೂ ಮೊಣಕೈಯೂರಿ ಎದ್ದು ನೋಡಿದರು.
“ನೀರು ಬಂದು ಬಡಿಯುತ್ತಲ್ಲ, ಕವಲಿನ ಮೂತಿ,
ಅಲ್ಲಿ ಒಂದು ಬೊಗಸೆ ಕೆಸರು ಸಿಕ್ಕಿದ್ದಿಲ್ಲ ನನಗೆ.
ಆಚೆ ದಡ ಇದೆಯಲ್ಲ, ನೀರು ಆಕಳಿಸುವ ಕಡೆ,
ನಮಗೆ ಅನ್ನ ಹಾಕಿದ್ದು ಅದು.”
ನಾನು ತೋರಿಸುವ ಮೊದಲೇ
ಅಂಟು ಮೆತ್ತಿದ ಬೆರಳು ಪರದೆಯ ಮೇಲೆ
ಸರಿಯಾಗಿ ಅದೇ ಜಾಗದಲ್ಲಿ.

ಹೌದು, ಅಲ್ಲೇ.
ದಿನಕ್ಕೆ ಲಕ್ಷ ಸಲ ಉಜ್ಜಿಸಿಕೊಂಡ ಗೋಡೆ ನುಣ್ಣಗಿದೆ.
ಯಾರೂ ತಳ್ಳದ ಗೋಡೆಯಲ್ಲಿ
ಕಣಗಳಿಗೆ ದಿಕ್ಕು ತಿಳಿಯದೆ ದುಂಡಗಾಗಿ,
ಸಂದು ಬಿಟ್ಟು,
ಹಾದುಹೋಗುವ ಕೊಬ್ಬನ್ನು ಒಳಗೆ ಕರೆದು ಕೂರಿಸಿವೆ.

ಇದನ್ನೊಂದು ನೀತಿಕಥೆ ಮಾಡಲು ನನಗೆ ಮನಸ್ಸಿಲ್ಲ.
ಸಿಗರೇಟಿದೆ, ಹಡಗಿನ ಅಡುಗೆಮನೆಯ ಬೆಣ್ಣೆಯಿದೆ,
ಅಪ್ಪನಿಂದ ಬಂದದ್ದೂ ಇದ್ದೀತು.
ಆದರೂ ಮೈತುಂಬ ಓಡುವುದು ಅದೇ ರಕ್ತ,
ಹೂಳು ಮಾತ್ರ ಇಲ್ಲಿ.

ಶೇಕಡಾ ಎಪ್ಪತ್ತೆರಡು ಎಂದು ಬರೆದೆ.
“ಎತ್ತುವವರು ಯಾರು?”
ಗುರುವಾರ ಡಾಕ್ಟರ್ ಬ್ರೌವರ್ ನೋಡುತ್ತಾರೆ.
“ಕೈ ಹಗುರವೇ?”
ಹಗುರ.
“ಹಗುರವೇ ಇರಬೇಕು.
ಅಡಿಯ ಜೇಡಿ ಕಲಕಿದರೆ ಸುಮ್ಮನಿರುವುದಿಲ್ಲ ಅದು,
ಹರಿವಿನ ಜೊತೆ ಮುಂದಿನ ಊರಿಗೆ ಹೋಗಿ ಅಡ್ಡ ನಿಲ್ಲುತ್ತೆ.
ಹಾಗೆ ಒಮ್ಮೆ, ನನ್ನ ಕೈಯಲ್ಲೇ...”
ಮಾತು ಅಲ್ಲಿಗೆ ಬಿಟ್ಟರು.

ಮುಂದಿನ ಊರು ಯಾವುದೆಂದು ನಾನು ಹೇಳಲಿಲ್ಲ.
ಕಾಗದದಿಂದ ಕೊರಳು ಒರೆಸಿಕೊಂಡು,
ಗುಂಡಿ ಹಾಕಿ,
ಎರಡೂ ಕೈಯಲ್ಲಿ ಉಣ್ಣೆಟೋಪಿ ಹಿಡಿದು
ನಿಧಾನ, ತುಂಬಿದ ಬಟ್ಟಲನ್ನು ಮುಚ್ಚುವಂತೆ
ತಲೆಗೆ ಇಟ್ಟುಕೊಂಡರು.